ಹೊಟ್ಟೆ, ಲಿವರು ಮತ್ತು ನಮ್ಮ ಗೋವಿನಜೋಳ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಹಂಸಭಾವಿಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಭೆ ಅಂದ ಮೇಲೆ ಸಾಲ, ಠೇವಣಿ, ಗೊಬ್ಬರದ ಮಾತು ಬರುವುದು ರೂಢಿ. ಆದರೆ ಅಧ್ಯಕ್ಷರು ನಮಗೆ "ನೀವು ಹೊಟ್ಟೆ, ಲಿವರಿನ ಬ್ಯಾನಿ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂತ ಅಪ್ಪಣೆ ಮಾಡಿದರು. ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು, ಡಾಕ್ಟರಲ್ಲ. ನಮ್ಮ ಮನೆಗೆ ಈ ಬ್ಯಾನಿ ಬಂದು ಹೋದದ್ದರಿಂದ ಡಾಕ್ಟರರನ್ನು ಕೇಳಿ, ಸಿಕ್ಕದ್ದನ್ನು ಓದಿ ತಿಳಿದುಕೊಂಡದ್ದನ್ನಷ್ಟೇ ತಮ್ಮ ಮುಂದೆ ಇಡುತ್ತೇವೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಲಿವರು, ಪುಸ್ತಕದ ಮಾತಿನಲ್ಲಿ ಪಿತ್ತಜನಕಾಂಗ, ಬಲಗಡೆ ಪಕ್ಕೆಲುಬಿನ ಕೆಳಗೆ ಇರುತ್ತದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಕ. ಅದನ್ನು ನಮ್ಮ ಸೊಸಾಯಿಟಿಗೆ ಹೋಲಿಸಬಹುದು. ಹೊಟ್ಟೆ, ಕರುಳಿನಿಂದ ಬಂದ ಮಾಲೆಲ್ಲ ರಕ್ತದೊಡನೆ ಮೊದಲು ಲಿವರಿಗೇ ಹೋಗುತ್ತದೆ. ಸಕ್ಕರೆ ಹೆಚ್ಚಿದ್ದಾಗ ಠೇವಣಿ ಇಟ್ಟುಕೊಳ್ಳುತ್ತದೆ, ಉಪವಾಸ ಇದ್ದಾಗ ಸಾಲ ಕೊಟ್ಟ ಹಾಗೆ ಹೊರಗೆ ಬಿಡುತ್ತದೆ. ವಿಷವಿದ್ದರೆ ಬೇರೆ ಮಾಡುತ್ತದೆ. ಇಷ್ಟೆಲ್ಲ ಮಾಡಿಯೂ ತಕರಾರು ಹೇಳುವುದಿಲ್ಲ. ಬಹುಪಾಲು ಕೆಡುವವರೆಗೂ ಅದು ನೋಯುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ಇವತ್ತಿನ ನಮ್ಮ ಮಾತಿನ ಮೂಲ ಇದೇ.

ಮೊದಲು ಹೊಟ್ಟೆ ಹುಣ್ಣಿನ ಮಾತು. "ಬ್ಯಾಡಗಿ ಮೆಣಸಿನಕಾಯಿ ತಿಂದು ಹೊಟ್ಟಿ ಹುಣ್ಣಾತು" ಅಂತ ನಮ್ಮ ಕಡೆ ಎಲ್ಲರೂ ಅಂತಾರ. ಆಸ್ಟ್ರೇಲಿಯಾದ ಇಬ್ಬರು ಡಾಕ್ಟರರು, ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್, 1982ರಲ್ಲಿ ಹೊಟ್ಟೆಯೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು. ಜನ ನಂಬಲಿಲ್ಲ. ಮಾರ್ಷಲ್ಲರು 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದರು! 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಖಾರ ಉರಿ ಎಬ್ಬಿಸಬಹುದು, ಆದರೆ ಹುಣ್ಣಿಗೆ ಮುಖ್ಯ ಕಾರಣ ಈ ಬ್ಯಾಕ್ಟೀರಿಯಾ. ಎರಡನೆಯ ಕಾರಣ ನಾವು ಸೊಂಟ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆ. ಬ್ಯಾಕ್ಟೀರಿಯಾದ ಹುಣ್ಣಾದರೆ ಎರಡು ವಾರದ ಔಷಧಿಯಲ್ಲಿ ವಾಸಿಯಾಗುವುದುಂಟು. ವರ್ಷಗಟ್ಟಲೆ ಸೋಡಾ ಕುಡಿಯುತ್ತಾ ಕೂಡ್ರಬ್ಯಾಡ್ರಿ.

ಇನ್ನು ಕಾಮಣಿ. ಕಣ್ಣು ಹಳದಿ ಆದರೆ ನಮ್ಮಲ್ಲಿ ನಾಟಿ ಔಷಧಿ, ಬರೆ, ಪಥ್ಯ. ಆದರೆ ಕಾಮಣಿ ಅನ್ನುವುದು ಒಂದು ಬ್ಯಾನಿ ಅಲ್ಲ, ಹಲವು ಬ್ಯಾನಿಯ ಗುರುತು. 'ಎ' ಮತ್ತು 'ಇ' ಎಂಬ ವೈರಸ್ಸು ಹೊಲಸು ನೀರಿನಿಂದ ಬರುತ್ತವೆ. 1978ರಲ್ಲಿ ಕಾಶ್ಮೀರದಲ್ಲಿ ಹಬ್ಬಿದ ಕಾಮಣಿಯನ್ನು ಅಲ್ಲಿಯ ಡಾ. ಮಹಮ್ಮದ್ ಸುಲ್ತಾನ್ ಖುರೂ ಅಭ್ಯಾಸ ಮಾಡಿ, ಇದು ಆಗ ಗೊತ್ತಿದ್ದ ಎ, ಬಿ ಎರಡೂ ಅಲ್ಲವೆಂದು ತೋರಿಸಿದರು. ಅದೇ ಈಗಿನ 'ಇ'. ಬಸುರಿ ಹೆಣ್ಣುಮಕ್ಕಳಿಗೆ ಇದು ಬಹಳ ಅಪಾಯ. ಆದ್ದರಿಂದ ಮಳೆಗಾಲದಲ್ಲಿ ನೀರು ಕುದಿಸಿ ಕುಡಿಯಬೇಕು. ಈ ಎರಡೂ ಸಾಮಾನ್ಯವಾಗಿ ತಾವೇ ಇಳಿಯುತ್ತವೆ, ಹೆಸರು ಮಾತ್ರ ನಾಟಿ ಔಷಧಿಗೆ ಬರುತ್ತದೆ.

'ಬಿ' ಮತ್ತು 'ಸಿ' ಹಾಗಲ್ಲ. ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ಒಬ್ಬರ ಬ್ಲೇಡಿನಿಂದ ಇನ್ನೊಬ್ಬರಿಗೆ ಬರುತ್ತವೆ. 'ಬಿ' ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ, ಗಂಡ ಹೆಂಡಿರಲ್ಲಿ ಒಬ್ಬರಿಂದ ಒಬ್ಬರಿಗೂ ಬರುತ್ತದೆ. 2009ರಲ್ಲಿ ಗುಜರಾತದ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ 'ಬಿ' ಹಬ್ಬಿ, ಹಲವರು ಜೀವ ಬಿಟ್ಟರು. ಈ ವೈರಸ್ಸು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕೂತು ಲಿವರನ್ನು ಗಂಟು ಗಂಟು ಮಾಡುತ್ತದೆ, ಕ್ಯಾನ್ಸರಿಗೂ ತಿರುಗಬಹುದು.

ನಮ್ಮ ಅಣ್ಣನಿಗೆ ಹೀಗೇ ಆಯಿತು. ಒಮ್ಮೆ ಕಣ್ಣು ಹಳದಿ ಆದಾಗ ಬೇರೆ ಊರಿಗೆ ಕರೆದುಕೊಂಡು ಹೋಗಿ ಸೊಪ್ಪಿನ ರಸ ಕುಡಿಸಿದೆವು. ಹಳದಿ ಇಳಿಯಿತು, ಗುಣ ಆಯಿತು ಅಂದುಕೊಂಡೆವು. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಅದು ನಮ್ಮದೇ ತಪ್ಪು. ಎಂಟು ವರ್ಷದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು. ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು, "ಮೊದಲೇ ಬಂದಿದ್ದರೆ ಗುಳಿಗೆಯಲ್ಲೇ ಹಿಡಿದಿಡಬಹುದಿತ್ತು" ಅಂದರು. ಮುಂದೆ ಒಂದು ವರ್ಷವೂ ಉಳಿಯಲಿಲ್ಲ. ಆಮೇಲೆ ಮನೆಯವರೆಲ್ಲರ ರಕ್ತ ನೋಡಿದರು.

ಬಂಧುಗಳೇ, ಇದನ್ನು ಹೇಳಲಿಕ್ಕೆ ನಮಗೆ ಬಹಳ ದಿನ ಧೈರ್ಯ ಇರಲಿಲ್ಲ. ನಮ್ಮ ರಕ್ತದಾಗೂ 'ಬಿ' ಐತಿ. ನಾವು ದಿನಾ ಒಂದು ಗುಳಿಗೆ ತಗೊಳ್ತೇವಿ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸ್ತೇವಿ. ಹೊಲದ ಕೆಲಸ ಬಿಟ್ಟಿಲ್ಲ. ವಿಷಯ ತಿಳಿದ ಕೆಲವರು ನಮ್ಮ ಮನೆ ಚಹಾ ಕುಡಿಯಲು ಹಿಂಜರಿದರು. ಅವರ ಮೇಲೆ ಸಿಟ್ಟಿಲ್ಲ. ಒಂದೇ ತಾಟಿನಲ್ಲಿ ಉಂಡರೆ, ಕೈ ಹಿಡಿದರೆ, ಪಕ್ಕದಲ್ಲಿ ಕೂತರೆ ಇದು ಬರುವುದಿಲ್ಲ. ಇಷ್ಟು ತಿಳಿದರೆ ಸಾಕು.

ಈ ವಿಷಯದಲ್ಲಿ ವಿಜ್ಞಾನ ಬಹಳ ಮುಂದೆ ಹೋಗಿದೆ. 'ಬಿ' ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನ ಎಂದು ಆಚರಿಸುತ್ತಾರೆ. ತೈವಾನದಲ್ಲಿ 1984ರಿಂದ ಕೂಸುಗಳಿಗೆ 'ಬಿ' ಲಸಿಕೆ ಹಾಕಿದ ಮೇಲೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರೇ ಕಡಿಮೆಯಾಯಿತು. ನಮ್ಮ ದೇಶದಲ್ಲಿಯೂ ಈಗ ಈ ಲಸಿಕೆ ಪುಕ್ಕಟೆ. ಮೊದಲ ಡೋಸು ಹುಟ್ಟಿದ 24 ತಾಸಿನೊಳಗೆ ಬೀಳಬೇಕು. ಇದನ್ನು ಅಜ್ಜಿಯರು ನೆನಪಿಡಬೇಕು. 'ಸಿ' ಕಂಡುಹಿಡಿದವರಿಗೆ 2020ರಲ್ಲಿ ನೊಬೆಲ್ ಬಂತು. 'ಸಿ'ಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ 12 ವಾರ ಗುಳಿಗೆ ನುಂಗಿದರೆ ನೂರಕ್ಕೆ 95 ಜನರಿಗೆ ಪೂರ್ತಿ ವಾಸಿ. 2018ರ ಜುಲೈ 28ರಂದು ಕೇಂದ್ರ ಸರಕಾರ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧಿ ಪುಕ್ಕಟೆ ಇದೆ. ಎಲ್ಲಿ ಸಿಗುತ್ತದೆಂದು ಆರೋಗ್ಯ ಕೇಂದ್ರದಲ್ಲಿ ಕೇಳ್ರಿ.

ಈಗ ನಮ್ಮ ಒಕ್ಕಲುತನದ ಮಾತಿಗೆ ಬರುತ್ತೇವೆ. ನಮ್ಮ ತಾಲೂಕಿನಲ್ಲಿ ಗೋವಿನಜೋಳ ಬೆಳೆಯದ ರೈತ ಯಾರು? ರಾಶಿ ಮಾಡುವ ಹೊತ್ತಿಗೇ ಮಳೆ ಹಿಡಿಯುತ್ತದೆ. ಹಸಿ ಜೋಳ ಮುಚ್ಚಿಟ್ಟರೆ ಹಳದಿ ಹಸಿರು ಬೂಸು ಹಿಡಿಯುತ್ತದೆ. ಆ ಬೂಸಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ನೇರವಾಗಿ ಲಿವರಿಗೆ ಹೊಡೆಯುವ ವಿಷ. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ, ಗುಜರಾತದ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ತೊಯ್ದು ಬೂಸು ಹಿಡಿದ ಗೋವಿನಜೋಳ ಉಂಡ ಜನರಿಗೆ ಕಾಮಣಿ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. 397 ಜನ ಬ್ಯಾನಿ ಬಿದ್ದು 106 ಜನ ಸತ್ತರು. ಅದೇ ಜೋಳ ತಿಂದ ನಾಯಿಗಳೂ ಸತ್ತವು. ಇದನ್ನು ಪತ್ತೆ ಮಾಡಿದವರು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು.

ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಈ ವಿಷ ಕ್ಯಾನ್ಸರು ತರುತ್ತದೆ. 1990ರ ದಶಕದಲ್ಲಿ ಚೀನಾದ ಶಾಂಘೈಯಲ್ಲಿ ನಡೆದ ಸಂಶೋಧನೆ ನಮ್ಮನ್ನು ಹೆದರಿಸಿತು. ರಕ್ತದಲ್ಲಿ 'ಬಿ' ಇದ್ದವರಿಗೆ ಈ ವಿಷವೂ ಸೇರಿದರೆ, ಎರಡೂ ಇಲ್ಲದವರಿಗಿಂತ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು 60 ಪಟ್ಟು! ನಮ್ಮ ಅಣ್ಣ ಇದ್ದಾಗ ನಾವು ಏನು ಮಾಡುತ್ತಿದ್ದೆವು? ಒಳ್ಳೆಯ ಕಾಳು ಪೇಟೆಗೆ, ಖರೀದಿದಾರರು ತಗೊಳ್ಳದ ಕಾಳು ಮನೆಗೆ ಮತ್ತು ಎಮ್ಮೆಗೆ. ಅಣ್ಣನ ಬ್ಯಾನಿಗೆ ಇದೂ ಕಾರಣವೋ ಅಲ್ಲವೋ, ಈಗ ಯಾರೂ ಹೇಳಲಾರರು. ಬೂಸು ಹಿಡಿದ ಕಾಳನ್ನು ತೊಳೆದು ಬೇಯಿಸಿದರೂ ವಿಷ ಹೋಗುವುದಿಲ್ಲ. ಎಮ್ಮೆಗೆ ಹಾಕಿದರೆ ಹಾಲಿನಲ್ಲಿ ತಿರುಗಿ ನಮಗೇ ಬರುತ್ತದೆ. ಶೇಂಗಾಕ್ಕೂ ಇದೇ ಮಾತು. ಹಾಗಂತ ಗೋವಿನಜೋಳ ಬಿಡಬೇಕಿಲ್ಲ. ಚೆನ್ನಾಗಿ ಒಣಗಿಸಿ, ತೇವ ನೂರಕ್ಕೆ 13ಕ್ಕಿಂತ ಕೆಳಗೆ ಇಳಿಸಿ, ನೆಲಕ್ಕೆ ಹಚ್ಚದೆ ಹಲಗೆಯ ಮೇಲೆ ಚೀಲ ಇಟ್ಟರೆ ಬೂಸು ಬರುವುದಿಲ್ಲ. ಬೂಸು ಬಂದದ್ದನ್ನು ಹೂಳಿಬಿಡಬೇಕು.

ಕುಡಿತ ಲಿವರಿಗೆ ಶತ್ರು ಎಂಬುದು ಗೊತ್ತಿದ್ದದ್ದೇ. ಕುಡಿಯದವರಿಗೂ ಈಗ ಲಿವರಿನಲ್ಲಿ ಕೊಬ್ಬು ತುಂಬುತ್ತಿದೆ. ಬೊಜ್ಜು, ಸಕ್ಕರೆ ಬ್ಯಾನಿಯ ಸಂಗಾತಿ ಇದು. 2021ರಲ್ಲಿ ಕೇಂದ್ರ ಸರಕಾರ ಇದನ್ನೂ ತನ್ನ ರೋಗ ತಡೆ ಕಾರ್ಯಕ್ರಮಕ್ಕೆ ಸೇರಿಸಿತು. 2024ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆದರೆ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿದರೂ ಲಿವರು ಸುಧಾರಿಸುತ್ತದೆ ಎಂದು ಡಾಕ್ಟರರು ಹೇಳುತ್ತಾರೆ. ಮೊದಲು ಹೊಲಕ್ಕೆ ನಡೆದು ಹೋಗುತ್ತಿದ್ದೆವು, ಈಗ ಬದುವಿನವರೆಗೂ ಬೈಕು!

ಕೊನೆಗೆ ಆಡಳಿತ ಮಂಡಳಿಗೆ ನಮ್ಮ ಮೂರು ವಿನಂತಿ. ಒಂದು, ಸಂಘದಿಂದ ಒಂದು ತೇವ ಅಳೆಯುವ ಯಂತ್ರ ತರಬೇಕು, ತಾಡಪಾಲು ಬಾಡಿಗೆಗೆ ಕೊಡಬೇಕು. ಒಣಗಿಸುವ ರೀತಿ ಹೇಳಿಕೊಡಲು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಸಬೇಕು. ಎರಡು, ಪ್ರತಿ ಜುಲೈ 28ಕ್ಕೆ ಸಂಘದ ಅಂಗಳದಲ್ಲಿ ರಕ್ತ ಪರೀಕ್ಷೆಯ ಶಿಬಿರ ಆಗಬೇಕು. ಮೊದಲ ಸಾಲಿನಲ್ಲಿ ನಿರ್ದೇಶಕರೇ ಕೈ ಚಾಚಬೇಕು. ಮೂರು, ಸಹಕಾರಿಗಳಿಗೆಂದೇ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾದ ಯಶಸ್ವಿನಿ ಯೋಜನೆಗೆ ಹೆಸರು ಹಚ್ಚುವ ಸಮಯ ಬಂದಾಗ ಒಬ್ಬ ಸದಸ್ಯನೂ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

ಸಾಲದ ಕಂತು ತಪ್ಪಿದರೆ ಸಂಘ ನೋಟೀಸು ಕೊಡುತ್ತದೆ. ಲಿವರು ನೋಟೀಸು ಕೊಡುವುದಿಲ್ಲ, ನೇರವಾಗಿ ಜಪ್ತಿಗೇ ಬರುತ್ತದೆ. ನಮ್ಮ ಅಣ್ಣನಿಗೆ ಆದದ್ದು ಇನ್ನೊಂದು ಮನೆಗೆ ಆಗಬಾರದು. ಅದಕ್ಕಾಗಿ ಒಂದು ಸಲ ರಕ್ತ ತೋರಿಸ್ರಿ, ಕಾಳು ಒಣಗಿಸ್ರಿ, ಕೂಸಿಗೆ ಲಸಿಕೆ ಹಾಕಿಸ್ರಿ.