ಕಲ್ಲಚ್ಚಿನ ಲಕ್ಷ್ಮಿಯ ಸೀರೆ

ಮಾನ್ವಿಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದ ನಮ್ಮ ಅಜ್ಜಿಯ ದೇವರ ಮನೆಯಲ್ಲಿ, ಗಾಜಿನ ಕಟ್ಟಿನೊಳಗೆ ಲಕ್ಷ್ಮಿಯ ಪಟವೊಂದಿದ್ದಿತು. ಕಮಲದ ಮೇಲೆ ನಿಂತ ನಾಲ್ಕು ಕೈಗಳ ದೇವಿ. ಪಕ್ಕದಲ್ಲಿ ಸೊಂಡಿಲಿನಿಂದ ಮಾಲೆ ಎತ್ತಿ ಹಿಡಿದ ಆನೆ. ರಾಜಾ ರವಿವರ್ಮನ ಕಲ್ಲಚ್ಚಿನ ಚಿತ್ರವದು. ಆ ಚಿತ್ರದ ಸೀರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಕಿಳಿಮಾನೂರಿನ ರವಿವರ್ಮ (1848–1906) ಅರಮನೆಗಳ ಚಿತ್ರಕಾರ. ಆತನ ಚಿತ್ರಗಳು ಜನಸಾಮಾನ್ಯರ ಮನೆ ಹೊಕ್ಕದ್ದು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ. ನಯಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ನೀರು ಸವರಿದರೆ, ಜಿಡ್ಡಿದ್ದೆಡೆ ಮಾತ್ರ ಮಸಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಾವು ನೆಲಕ್ಕೆ ಹಾಸುವ ಶಹಾಬಾದಿ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ ಎಂದರೆ ಕೇಳುಗರಿಗೆ ಅಚ್ಚರಿಯಾದೀತು.

ಸ್ತ್ರೀಯರ ಉಡುಗೆಯ ವೈವಿಧ್ಯವನ್ನು ರವಿವರ್ಮ ಅರಿಯದವನಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, 1889ರ ಗಾಯಕಿಯರ ಚಿತ್ರದಲ್ಲಿ ಹನ್ನೊಂದು ಮಂದಿ ಸ್ತ್ರೀಯರು ಬೇರೆ ಬೇರೆ ಪ್ರಾಂತಗಳ ಉಡುಗೆಯಲ್ಲಿದ್ದಾರೆ. ಆದರೆ ಅಚ್ಚಿನ ದೇವಿಗೆ ಒಂದೇ ಸೀರೆ. ಊರು ಯಾವುದಾದರೂ ಅದೇ.

ನಮ್ಮಜ್ಜಿ ಅದನ್ನು ಒಪ್ಪಲಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗಿನ ಚೂರು, ಗುಳೇದಗುಡ್ಡದ ಖಣದ ತುಂಡು, ಒಂದಿಷ್ಟು ಜರಿ, ಇವನ್ನು ಪಟಕ್ಕೆ ಅಂಟಿಸಿ ಮತ್ತೆ ಕಟ್ಟು ಹಾಕಿಸಿದ್ದಳು. ದಕ್ಷಿಣದ ಎಷ್ಟೋ ಮನೆಗಳಲ್ಲಿ ಹೀಗೆ ಪಟಗಳಿಗೆ ಬಟ್ಟೆ ತೊಡಿಸುತ್ತಿದ್ದರು.

ಎಂ.ಎ. ಓದುತ್ತಿದ್ದ ನನಗೆ ಅದು ಅಭಿರುಚಿಹೀನವೆನಿಸಿತು. ರಜೆಗೆಂದು ರಾಯಚೂರಿನಿಂದ ಊರಿಗೆ ಹೋದವನು, ‘ನಿಜವಾದ ರವಿವರ್ಮ’ನನ್ನು ಕಾಣುವ ಹಂಬಲದಿಂದ ಕಟ್ಟು ಬಿಚ್ಚಿ ಬಟ್ಟೆಯನ್ನು ಕಿತ್ತೆ. ಬಟ್ಟೆಯೊಡನೆ ಬಣ್ಣವೂ ಎದ್ದು ಬಂದಿತು. ದೇವಿಯ ಎದೆಯಿಂದ ಕಾಲಿನವರೆಗೆ ಬರಿಯ ಬಿಳಿಯ ಕಾಗದ.

ಅಜ್ಜಿ ನೋಡಿದಳು, ಬೈಯಲಿಲ್ಲ. “ಆಕಿನ್ನ ಹಂಗ ನಿಲ್ಲಸಬ್ಯಾಡೋ ಅಪ್ಪಾ,” ಎಂದಳು. ಪೆಟ್ಟಿಗೆಯಿಂದ ತನ್ನ ಮದುವೆಯ ಸೀರೆ ತೆಗೆದು, ಅದರ ಸೆರಗನ್ನು ಕತ್ತರಿಸಿದಳು.

ಅನಂತರ ನಾಲ್ಕು ದಶಕಗಳ ಕಾಲ ವಿದ್ಯಾರ್ಥಿಗಳಿಗೆ ಮೂಲಪಾಠವನ್ನು ಶೋಧಿಸುವ ಕ್ರಮ ಹೇಳಿಕೊಟ್ಟೆ. ಆದರೆ ಓದುಗರು ಪಾಠಕ್ಕೆ ಸೇರಿಸಿದುದೂ ಪಾಠದ ಚರಿತ್ರೆಯೇ ಎಂಬುದನ್ನು ನನಗೆ ಕಲಿಸಿದವಳು ಅಕ್ಷರ ಬಾರದ ಆಕೆ. ಅಜ್ಜಿಯದೊಂದು ಭಾವಚಿತ್ರವೂ ನಮ್ಮಲ್ಲಿಲ್ಲ. ಉಳಿದಿರುವುದು ಆ ಸೆರಗಿನ ಚೂರು, ದೇವಿಯ ಮೈಮೇಲೆ.

ತಮ್ಮ ಮನೆಗಳಲ್ಲಿ ಅಂಥ ಹಳೆಯ ಪಟವಿದ್ದರೆ, ದಯವಿಟ್ಟು ಅದರ ಜರಿಯನ್ನು ಕೀಳದಿರಿ.