ಅಡಿಗೆಮನೆಯ ಓಟಾ ಎಷ್ಟು ಎತ್ತರ?

ಸುಗ್ಗಿ ಮುಗಿದ ಮೇಲೆ ಹಳೆಯ ಮಾಳಿಗೆ ಮನೆ ಬಿಚ್ಚಿ ಹೊಸದು ಕಟ್ಟಿಸಬೇಕೆಂದು ನಿಮ್ಮಲ್ಲಿ ಕೆಲವರು ಯೋಚಿಸಿರಬಹುದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಮನೆ ಸಾಲದ ಅರ್ಜಿಗಳನ್ನು ಬಹಳ ನೋಡಿದ್ದೇನೆ. ಪಡಸಾಲೆ ದೊಡ್ಡದು, ತಲೆಬಾಗಿಲು ಸಾಗವಾನಿಯದು, ಉಳಿದ ಮೂಲೆಯಲ್ಲಿ ಅಡಿಗೆಮನೆ. ಆ ಮೂಲೆಯಲ್ಲಿ ದಿನವೆಲ್ಲ ದುಡಿಯುವ ಹೆಣ್ಣುಮಗಳು ಸಹಿ ಮಾಡಲು ಬ್ಯಾಂಕಿಗೆ ಬರುತ್ತಿದ್ದಳೇ ಹೊರತು ನಕ್ಷೆಯನ್ನು ಅವಳಿಗೆ ಯಾರೂ ತೋರಿಸುತ್ತಿರಲಿಲ್ಲ.

ಪರರ ಮಾತೇಕೆ, ನಾನೂ ತೋರಿಸಲಿಲ್ಲ. ಗೌಂಡಿ ಬಂದು, 'ಓಟಾ 3 ಫೂಟು, ಎಲ್ಲರ ಮನೆಗೂ ಇಷ್ಟೇ' ಎಂದ. ಹೂಂ ಎಂದೆ. (ಕಟ್ಟೆ ಎಂದರೆ ನಮ್ಮ ಗೌಂಡಿ ಅಂಗಳದ ಕಡೆ ನೋಡುತ್ತಾನೆ. ಆದ್ದರಿಂದ ನಾನೂ ಓಟಾ ಎಂದೇ ಹೇಳುತ್ತೇನೆ.) ಮೇಲೆ ಕರೀ ಕಡಪಾ ಕಲ್ಲು, ಕೆಳಗೆ ಶಹಾಬಾದ ಫರಸಿ. ನೋಡಲು ಚೆಂದವಾಯಿತು. ನನ್ನ ಹೆಂಡತಿಯ ಎತ್ತರ 4 ಫೂಟು 10 ಇಂಚು. ಅವಳು ಮುಂದೆ ನಿಂತು ಹೇಳಿದಳು: 'ಇದು ನಿಮ್ಮ ಬ್ಯಾಂಕಿನ ಕೌಂಟರ್ ಆತು ನೋಡ್ರಿ. ರೊಕ್ಕ ಎಣಸಾಕ ಬೇಷೈತಿ, ರೊಟ್ಟಿ ಬಡಿಯೂದು ಹ್ಯಾಂಗ?'

ನಾನು ನಕ್ಕೆ. ತಿಂಗಳೊಳಗೆ ಅವಳ ಬಲ ಭುಜ ಹಿಡಿದು, ನೀರಿನ ಕೊಡ ಎತ್ತಲೂ ಆಗದಾಯಿತು. ಜೋಳದ ರೊಟ್ಟಿಗೆ ಮೈಭಾರ ಮೇಲಿನಿಂದ ಬೀಳಬೇಕು. ಕೈ ಮೇಲೆತ್ತಿ ಬಡಿದರೆ ಭುಜವೇ ಸವೆಯುತ್ತದೆ. ಕೊನೆಗೆ ಅವಳು ಗ್ಯಾಸ್ ಒಲೆಯನ್ನು ನೆಲಕ್ಕಿಳಿಸಿ, ಹೊಸ ಓಟಾದ ಬುಡದಲ್ಲೇ ಕುಳಿತು ರೊಟ್ಟಿ ಮಾಡತೊಡಗಿದಳು. ನಾನು ಸುಮ್ಮನಿದ್ದೆ. ಒಂದು ಸಂಜೆ ಅಡಿಗೆಮನೆಗೆ ಹೋದರೆ ಗ್ಯಾಸಿನ ವಾಸನೆ! ಒಲೆ ಇನ್ನೂ ಹೊತ್ತಿಸಿರಲಿಲ್ಲ, ದೇವರು ದೊಡ್ಡವನು. ದೀಪದ ಬಟನ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ತೆರೆದೆವು. ಹಳೆಯ ರಬ್ಬರ್ ನಳಿಗೆ ಬಿರುಕು ಬಿಟ್ಟಿತ್ತು. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಅವಳು ಕುಳಿತುಕೊಳ್ಳುತ್ತಿದ್ದುದೂ ಅಲ್ಲಿಯೇ.

ಮರುವಾರ ಓಟಾ ಒಡೆಸಿದೆ. ಕಡಪಾ ಕಲ್ಲು ಎರಡು ತುಂಡಾಯಿತು, ಅದರ ಲೆಕ್ಕ ಬೇಡ.

ನೀವು ಹೀಗೆ ಮಾಡಿ. ಅಡಿಗೆ ಮಾಡುವವರನ್ನು ಬರಿಗಾಲಲ್ಲಿ ನಿಲ್ಲಿಸಿ, ಮೊಣಕೈ ಮಡಚಿಸಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿಯಿರಿ. ನಮ್ಮಲ್ಲಿ 36 ಇಂಚು ಬಂತು. ಹೆಚ್ಚುವ, ಬೇಯಿಸುವ ಓಟಾ ಅದಕ್ಕಿಂತ 4 ಇಂಚು ಕೆಳಗೆ, ಅಂದರೆ 32. ಒಲೆಯ ಎತ್ತರ ಅದರ ಮೇಲೆ ಸೇರುತ್ತದೆಂಬುದನ್ನು ಮರೆಯಬೇಡಿ. ರೊಟ್ಟಿ ಬಡಿಯಲು ಪಕ್ಕದಲ್ಲೇ ಎರಡೂವರೆ ಫೂಟು ಅಗಲದ ತುಂಡನ್ನು 28ಕ್ಕೆ ಇಳಿಸಿದೆವು. ಹಿಟ್ಟು ನಾದಿ ತೋರಿಸಲು ಹೇಳಿ ನೋಡಿ, ಒಂದೆರಡು ಇಂಚು ಹೆಚ್ಚುಕಡಿಮೆ ಬೇಕಾದೀತು.

ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಲಿ, ಸಿಲಿಂಡರ್ ನೆಟ್ಟಗೆ ನಿಂತಿರಲಿ. ಗೋಡೆಯ ಬುಡದಲ್ಲಿ ಗಾಳಿಗೆ ಒಂದು ಕಿಂಡಿ ಬಿಡಿಸಿ, ಇಲಿ ಬಾರದಂತೆ ಜಾಳಿಗೆ ಹಾಕಿಸಿ. ಕಿಟಕಿ ಒಲೆಗೆ ನೇರ ಬೇಡ. ಗಾಳಿ ಬೀಸಿದರೆ ಉರಿ ಆರಿ ಗ್ಯಾಸು ಮಾತ್ರ ಹೊರಡುತ್ತದೆ.

ಈಗ ಸೊಸೆ ಬಂದಿದ್ದಾಳೆ, ಎತ್ತರದ ಹುಡುಗಿ. 'ಮಾವಾರ, ಬೆನ್ನು ನೋಯತೈತ್ರಿ' ಅಂದಳು. ಈ ಸಲ ನಗಲಿಲ್ಲ. ಟೇಪು ತಂದು ಅಳೆದು, ಕಾಯಿಪಲ್ಯ ಹೆಚ್ಚಲು 3 ಇಂಚಿನ ಮಣೆ ಮಾಡಿಸಿಕೊಟ್ಟೆ. ಅತ್ತೆಯ ಪಾಳಿ ಬಂದಾಗ ಅದು ಗೋಡೆಗೆ ಒರಗಿ ನಿಲ್ಲುತ್ತದೆ.