ಅಡಿಗೆಮನೆಯ ಹೊಗೆಗೆ ದಾರಿ
(ಯುವಕ ಮಂಡಲ ಮತ್ತು ಮಹಿಳಾ ಮಂಡಲದ ಕೂಡುಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮನೆ ಕಟ್ಟಿಸುವಾಗ ನಾವು ಬಾಗಿಲಿನ ಆಯ ನೋಡುತ್ತೇವೆ, ದೇವರಮನೆಯ ದಿಕ್ಕು ನೋಡುತ್ತೇವೆ. ದನಗಳಿಗೆ ಗಾಳಿ ಸಾಲದೆಂದು ಕೊಟ್ಟಿಗೆಯ ಗೋಡೆಯನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಆದರೆ ಹೆಣ್ಣುಮಕ್ಕಳು ದಿನವೂ ಗಂಟೆಗಟ್ಟಲೆ ಬೇಯುವ ಅಡಿಗೆಮನೆಗೆ ಒಂದು ಕಿಟಕಿಯನ್ನೂ ಇಡದೆ ಮುಗಿಸಿಬಿಡುವುದುಂಟು.

ಹೊಗೆ ಕಣ್ಣೀರು ಬರಿಸಿ ಸುಮ್ಮನಾಗುವುದಿಲ್ಲ. ತಾಯಿಯ ಶ್ವಾಸಕೋಶ ಕೆಡುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಕಂಕುಳಲ್ಲಿರುವ ಕೂಸಿಗೆ ನ್ಯುಮೋನಿಯಾ ತಗಲುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ಉಪಾಯ ಕಷ್ಟದ್ದಲ್ಲ. ಬಿಸಿಗಾಳಿ ಮೇಲಕ್ಕೇರುತ್ತದೆ, ಅದು ಹೊರಗೆ ಹೋಗಬೇಕಾದರೆ ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಬರಬೇಕು. ಆದ್ದರಿಂದ ಒಂದೇ ಕಿಂಡಿ ಸಾಲದು. ಕೆಳಗೊಂದು, ಅದರ ಎದುರು ಗೋಡೆಯಲ್ಲಿ ಛಾವಣಿಗೆ ಹತ್ತಿರವಾಗಿ ಇನ್ನೊಂದು ಬೇಕು. ಮೇಲಿನ ಗವಾಕ್ಷಿಯನ್ನು ಪಡುವಣಕ್ಕೆ ಇಟ್ಟರೆ ಮುಂಗಾರಿನ ಗಾಳಿ ಹೊಗೆಯನ್ನು ಒಳಕ್ಕೇ ತಳ್ಳುತ್ತದೆ. ಮೂಡಣಕ್ಕೆ ಇಡುವುದು ಮೇಲು.

ಸೌದೆ ಉರಿಸುವವರಿಗೆ ಹೊಗೆಕೊಳವೆಯ ಒಲೆ ಒಳ್ಳೆಯದು. 1950ರ ದಶಕದಲ್ಲಿ ಹೈದರಾಬಾದಿನ ಡಾ. ಎಸ್. ಪಿ. ರಾಜು ಅವರು ಇಂತಹ ಒಲೆಯನ್ನು ರೂಪಿಸಿದರು; ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅಸ್ತ್ರ ಒಲೆ ಬಂದಿತು. ಕೊಳವೆ ಛಾವಣಿಯ ತುದಿಗಿಂತ ಎರಡಡಿ ಮೇಲಿರಲಿ, ಮಳೆಗೆ ತಗಡಿನ ಟೋಪಿ ಇರಲಿ. ತಿಂಗಳಿಗೊಮ್ಮೆ ಒಳಗಿನ ಮಸಿ ಕೆಡವದಿದ್ದರೆ ಎಂತಹ ಒಲೆಯೂ ಹೊಗೆ ಕಾರುತ್ತದೆ. ಹುಲ್ಲಿನ ಮನೆಯವರು ಕೊಳವೆಯನ್ನು ಹುಲ್ಲಿನೊಳಗೆ ಹಾಯಿಸಬೇಡಿ, ಬೆಂಕಿ ಹತ್ತೀತು. ಗೋಡೆಯಿಂದಲೇ ಹೊರಕ್ಕೆ ಹಾಯಿಸಿ, ಸೂರಿನಿಂದ ದೂರ ಸರಿಸಿ ಮೇಲಕ್ಕೆತ್ತಿ.

ಗ್ಯಾಸಿನ ಒಲೆಗೂ ಗಾಳಿ ಬೇಕು. ಹೊಗೆ ಮೇಲಕ್ಕೆ ಹೋದರೆ, ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದಕ್ಕಾಗಿ ನೆಲಮಟ್ಟದಲ್ಲೊಂದು ಜಾಲರಿ ಕಿಂಡಿ ಇರಲೇಬೇಕು; ಸಿಲಿಂಡರನ್ನು ಗುಂಡಿಯಲ್ಲಿಡಬಾರದು. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆಯಿರಿ.

ತಾರಸಿ ಮನೆಯವರು ಫ್ಯಾನು ಹಾಕಿಸುವುದಾದರೆ ಒಲೆಯ ಬಳಿ, ಎತ್ತರದಲ್ಲಿ ಹಾಕಿಸಿ. ತೆರೆದ ಕಿಟಕಿಯ ಪಕ್ಕದಲ್ಲೇ ಇದ್ದರೆ ಅದು ಕಿಟಕಿಯ ಗಾಳಿಯನ್ನೇ ಎಳೆಯುತ್ತದೆ, ಹೊಗೆ ಅಲ್ಲೇ ಉಳಿಯುತ್ತದೆ. ಹೊಗೆಕೊಳವೆಯೂ ಇರುವ ಮನೆಯಲ್ಲಿ ಬಾಗಿಲು ಮುಚ್ಚಿ ಫ್ಯಾನು ಹಾಕಿದರೆ ಕೊಳವೆಯ ಹೊಗೆ ಒಳಕ್ಕೆ ಇಳಿಯುತ್ತದೆ.

“ಹೊಗೆಯಿಂದ ಅಟ್ಟದ ಬೀಜಕ್ಕೆ ಹುಳು ಬೀಳುವುದಿಲ್ಲ, ಜಂತೆಗೆ ಗೆದ್ದಲು ಹಿಡಿಯುವುದಿಲ್ಲ” ಎಂದು ಹಿರಿಯರು ಹೇಳುವುದುಂಟು. ಆ ಮಾತಿನಲ್ಲಿ ನಿಜವಿದೆ. ಆದರೆ ಬೀಜವನ್ನು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಕಾಪಾಡಬಹುದು. ಜಂತೆಗೆ ಔಷಧಿ ಬಳಿಯಬಹುದು. ಕೆಟ್ಟ ಶ್ವಾಸಕೋಶವನ್ನು ಹೊಸದಾಗಿ ತರಲಾಗದು.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಸುಗ್ಗಿ ಮುಗಿದು ಮನೆ ರಿಪೇರಿಗೆ ಕೈ ಹಾಕುವ ಮೊದಲು, ಒಂದು ದಿನ ಮುದ್ದೆ ಬೇಯುವವರೆಗೂ ಒಲೆಯ ಮುಂದೆ ನೀವೇ ಕುಳಿತು ನೋಡಿ. ಆಮೇಲೆ ಗವಾಕ್ಷಿ ಎಲ್ಲಿರಬೇಕೆಂದು ಅಲ್ಲಿ ದಿನವೂ ಕೂಡುವವರನ್ನೇ ಕೇಳಿ ಗುರುತು ಹಾಕಿಸಿ. ಗೋಡೆ ಒಡೆಯುವ ದಿನ ಹೇಳಿಕಳುಹಿಸಿದರೆ ನಾನೂ ಬಂದು ಅಳತೆಗೆ ನಿಲ್ಲುತ್ತೇನೆ.